ಅತ್ತೆಯ ಮುಗಿಯದ ವ್ರತ

ಅತ್ತೆಯ ಉಗುರುಗಳಿಗೆ ಅಕ್ಕಿ ತೊಳೆದ ನೀರಿನ ಬಣ್ಣವಿತ್ತು. ಬೆರಳುಗಳು ಉದ್ದ, ಗಂಟುಗಂಟು. ಅಂಗೈ ಬಾವಿಯ ಹಗ್ಗ ಎಳೆದೆಳೆದು ನುಣುಪಾಗಿತ್ತು. ಆ ಅಂಗೈಯನ್ನು ತುಸು ಗುಳಿ ಮಾಡಿ, ಒಂದು ಉದ್ಧರಣೆ ನೀರು ಹಾಕಿಕೊಂಡು, ಅದರಲ್ಲೊಂದು ತುಳಸಿ ದಳ ತೇಲಿಸಿ ಅವಳು ದೇವರ ಮುಂದೆ ನಿಂತಳೆಂದರೆ ಪೇಟೆಯಲ್ಲಿ ಏನೋ ಒಂದು ಪದಾರ್ಥ ತುಟ್ಟಿಯಾಗಿದೆ ಎಂದು ಅರ್ಥ. ಈ ಅರ್ಥ ಗೊತ್ತಿದ್ದದ್ದು ಆ ಮನೆಯಲ್ಲಿ ನನಗೊಬ್ಬಳಿಗೆ. ಉಳಿದವರು ಅದನ್ನು ಭಕ್ತಿ ಎಂದು ತಿಳಿದಿದ್ದರು.

ನಾನು ಕಾರ್ಕಳದವಳು. ಎಪ್ಪತ್ತರ ದಶಕದ ನಡುವಿನಲ್ಲಿ ಕಾಲೇಜು ಓದಲು ಉಡುಪಿಗೆ ಬಂದಾಗ ಅಂಬಲಪಾಡಿಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದೆ. ದೇವಸ್ಥಾನದ ಗಂಟೆ ಕೇಳುವಷ್ಟು ಹತ್ತಿರದ ಹಂಚಿನ ಮನೆ. ಅತ್ತೆ, ಮಾವ, ಅವರ ಇಬ್ಬರು ಗಂಡುಮಕ್ಕಳು, ಜೊತೆಗೆ ನಾನು. ಮಾವ ಕಾಪುವಿನ ಒಂದು ಶಾಲೆಯಲ್ಲಿ ಮಾಸ್ತರು. ಬೆಳಿಗ್ಗೆ ಗಂಜಿ ಉಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಅಪ್ಪ ನನ್ನ ಊಟಕ್ಕೆಂದು ಏನಾದರೂ ಕೊಡಲು ಬಂದರೆ ಅತ್ತೆ ತೆಂಗಿನಕಾಯಿ ಮಾತ್ರ ಇಳಿಸಿಕೊಂಡು, "ಅಣ್ಣನ ಮಗಳಿಗೆ ಅನ್ನ ಹಾಕಿ ಬಾಡಿಗೆ ತಗೊಳ್ಳುವುದು ಉಂಟಾ?" ಎಂದು ಉಳಿದದ್ದನ್ನು ವಾಪಸು ಕಳಿಸುತ್ತಿದ್ದಳು. ಹಟದಲ್ಲಿ ಅವಳು ಅಪ್ಪನಿಗೆ ತಕ್ಕ ತಂಗಿ.

ಆ ಮನೆಯವರಿಗೆ ಅಕ್ಕಿ ಕೊಂಡು ಅಭ್ಯಾಸವೇ ಇರಲಿಲ್ಲ. ಮಾವನ ಹಿರಿಯರಿಂದ ಬಂದ ಒಂದಷ್ಟು ಗದ್ದೆ ಕಲ್ಯಾಣಪುರದ ಹೊಳೆಯ ಬದಿಯಲ್ಲಿತ್ತು. ಒಕ್ಕಲಿನವರು ಬೇಸಾಯ ಮಾಡಿ, ಕೊಯ್ಲಾದ ಮೇಲೆ ಗೇಣಿಯ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ತಂದು ಚಾವಡಿಯಲ್ಲಿ ಇಳಿಸಿ ಹೋಗುತ್ತಿದ್ದರು. ಉಳುವವನಿಗೇ ಭೂಮಿ ಎಂಬ ಕಾನೂನು ಬಂತು, ಮುಡಿ ಬರುವುದು ನಿಂತಿತು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆ ಗದ್ದೆಯ ಕೆಸರಿಗೆ ಮಾವನ ಮನೆಯವರು ಯಾವ ಕಾಲದಲ್ಲೂ ಕಾಲಿಟ್ಟವರಲ್ಲ. ಅತ್ತೆಯೇ ಅದನ್ನು ಹೇಳುತ್ತಿದ್ದಳು, "ಅವರು ನಟ್ಟದ್ದು ಅವರು ಉಣ್ಣಲಿ. ನಾವು ಉಂಡದ್ದೇ ಹೆಚ್ಚಾಯಿತು." ಆದರೆ ಮಾಸ್ತರಿಕೆಯ ಸಂಬಳ ಮುಡಿ ಅಕ್ಕಿಯನ್ನು ನಂಬಿಕೊಂಡ ಸಂಬಳ. ಅಕ್ಕಿಯೂ ಅದರಿಂದಲೇ ಬರಬೇಕಾದಾಗ ಬೇಳೆಗೆ, ಎಣ್ಣೆಗೆ, ಸಕ್ಕರೆಗೆ ಉಳಿಯುವುದು ಕಡಿಮೆಯಾಯಿತು. ಅದೇ ಹೊತ್ತಿಗೆ ಅವುಗಳ ಕ್ರಯ ಏರತೊಡಗಿತು. ಗಾಯದ ಮೇಲೆ ಬರೆ ಎಳೆದ ಹಾಗೆ.

ಮಾವನಿಗೆ ಒಂದು ನಿಯಮವಿತ್ತು. ಊಟದ ಎಲೆಯ ಮುಂದೆ ಕ್ರಯದ ಮಾತು ಬರಬಾರದು. "ಅನ್ನಕ್ಕೆ ಬೆಲೆ ಕಟ್ಟಬಾರದು" ಎನ್ನುತ್ತಿದ್ದರು. ಕೇಳಲು ಚೆನ್ನಾದ ಮಾತು. ಆದರೆ ತೆಂಕಪೇಟೆಯ ದಿನಸಿ ಅಂಗಡಿಗೆ ಚೀಲ ಹಿಡಿದು ಹೋಗುತ್ತಿದ್ದವಳು ಅತ್ತೆ. ಬೆಲೆ ಕಟ್ಟದೆ ಅಲ್ಲಿ ಯಾರೂ ಅನ್ನ ಕೊಡುತ್ತಿರಲಿಲ್ಲ.

ಅವಳ ಜೊತೆ ನಾನೂ ಎಷ್ಟೋ ಸಲ ಹೋಗಿದ್ದೇನೆ. ಅತ್ತೆ ಅಂಗಡಿಯಲ್ಲಿ ಚೌಕಾಸಿ ಮಾಡಿದವಳಲ್ಲ. ಗೋಣಿಯಿಂದ ತೊಗರಿಬೇಳೆಯನ್ನು ಒಂದು ಮುಷ್ಟಿ ಎತ್ತಿ, ಕ್ರಯ ಕೇಳಿ, ಬೆರಳ ಸಂದಿನಿಂದ ಅದನ್ನು ನಿಧಾನವಾಗಿ ಗೋಣಿಗೇ ಇಳಿಸುತ್ತಿದ್ದಳು. "ಈ ಸಲದ್ದು ಹಳೆ ಬೇಳೆ ಮಾರಾಯ್ರೇ, ಬೇಯುವುದಿಲ್ಲ" ಎನ್ನುತ್ತಿದ್ದಳು. ಅಂಗಡಿಯವರು ತಿಳಿದವರು. "ಹೌದಮ್ಮ, ಹೊಸತು ಬಂದಾಗ ಹೇಳುತ್ತೇನೆ" ಎಂದು ಅವಳ ಮರ್ಯಾದೆ ಉಳಿಸುತ್ತಿದ್ದರು. ಆಮೇಲೆ ಅವಳು ಸ್ವಲ್ಪವೇ ಸ್ವಲ್ಪ, ಮಕ್ಕಳಿಗೆ ಮತ್ತು ಮಾವನಿಗೆ ಆಗುವಷ್ಟು, ಕಟ್ಟಿಸಿಕೊಳ್ಳುತ್ತಿದ್ದಳು. ದಾರಿಯಲ್ಲಿ ನನ್ನ ಹತ್ತಿರ ಬೇಳೆಯ ಸುದ್ದಿ ಎತ್ತುತ್ತಿರಲಿಲ್ಲ. ಬೇಲಿಯ ಬದಿಯಲ್ಲಿ ತಿಮರೆ ಸೊಪ್ಪು, ಅಂದರೆ ಒಂದೆಲಗ, ಕಂಡರೆ ಬಗ್ಗಿ ಕೊಯ್ದು ಸೆರಗಿಗೆ ಹಾಕಿಕೊಂಡು, "ರಾತ್ರಿಗೆ ಚಟ್ನಿ ಆಯಿತು" ಎನ್ನುತ್ತಿದ್ದಳು.

ನಮ್ಮವರಲ್ಲಿ ಚಾತುರ್ಮಾಸ್ಯದ ವ್ರತ ಹಿಡಿಯುವ ಕ್ರಮವುಂಟು. ಮಳೆಗಾಲದ ನಾಲ್ಕು ತಿಂಗಳು, ಒಂದೊಂದು ತಿಂಗಳಿಗೆ ಒಂದೊಂದನ್ನು ಬಿಡುವುದು. ಮೊದಲು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಉತ್ಥಾನ ದ್ವಾದಶಿಯ ದಿನ ತುಳಸಿಪೂಜೆ ಮಾಡಿ, ಬಿಟ್ಟ ಪದಾರ್ಥವನ್ನು ದಾನ ಕೊಟ್ಟು, ಮತ್ತೆ ತಿನ್ನಲು ಶುರು ಮಾಡುವುದು. ನಾನು ಆ ಮನೆಗೆ ಬಂದ ವರ್ಷ ಆ ದಿನ ಎಲ್ಲರ ಎಲೆಗೂ ತೊವ್ವೆ ಬಿತ್ತು. ಅತ್ತೆಯ ಎಲೆಗೆ ಮಾತ್ರ ಬೀಳಲಿಲ್ಲ.

"ಎಂತ, ನಿನಗೆ ಇಲ್ಲವಾ?" ಎಂದು ಮಾವ ಕೇಳಿದರು.

"ನಾನು ಬೇಳೆಯ ವ್ರತ ಮುಂದುವರಿಸುತ್ತೇನೆ. ಬೆಳಿಗ್ಗೆ ಸಂಕಲ್ಪ ಮಾಡಿಕೊಂಡೆ."

ಮಾವ ಊಟ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಅವರ ಕಣ್ಣಿನಲ್ಲಿ ಹೆಮ್ಮೆಯಿತ್ತು. "ದೊಡ್ಡ ಮನಸ್ಸು ಬೇಕು ಅದಕ್ಕೆ" ಎಂದು ಮಕ್ಕಳಿಗೆ ಹೇಳಿ, ಮತ್ತೊಂದು ಸೌಟು ತೊವ್ವೆ ಹಾಕಿಸಿಕೊಂಡರು.

ಊಟವಾದ ಮೇಲೆ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುವಾಗ ನಾನು ಸೀದಾ ಕೇಳಿದೆ, "ಅತ್ತೆ, ಬೇಳೆಗೆ ಕ್ರಯ ಹೆಚ್ಚಾಯಿತು ಅಂತ ಅಲ್ವಾ?" ಅತ್ತೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬೂದಿ ಹಿಡಿದ ಕೈಯನ್ನು ನೀರಿನಲ್ಲಿ ಅಲುಬಿ ಹೇಳಿದಳು, "ಇಲ್ಲ ಅಂದರೆ ಬಡತನ ಮಗಾ, ಬಿಟ್ಟೆ ಅಂದರೆ ವ್ರತ. ಹಸಿವು ಒಂದೇ. ಆದರೆ ಕೇಳುವವರ ಮುಖ ಬೇರೆ."

"ಮಾವನಿಗೆ ಹೇಳಬಾರದಾ?"

ಆಗ ಅವಳು ಗದ್ದೆ ಹೋದ ವರ್ಷದ ಕಥೆ ಹೇಳಿದಳು. ಮುಡಿ ಬರುವುದಿಲ್ಲವೆಂದು ಖಚಿತವಾದ ದಿನ ಮಾವ ಚಾವಡಿಯ ಕಂಬಕ್ಕೆ ಒರಗಿ ಕುಳಿತವರು ಸಂಜೆಯಾದರೂ ಏಳಲಿಲ್ಲವಂತೆ. "ಹೆಂಡತಿ ಮಕ್ಕಳಿಗೆ ಅನ್ನ ಹಾಕಲಿಕ್ಕೆ ಆಗದವನು ಯಾರ ಮಕ್ಕಳಿಗೆ ಎಂತ ಪಾಠ ಹೇಳುವುದು?" ಎಂದು ಅತ್ತರಂತೆ. "ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಇನ್ನೊಮ್ಮೆ ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ. ನೀನು ಇವರ ಹತ್ತಿರ ಬಾಯಿಬಿಟ್ಟರೆ ನನ್ನ ಮೇಲೆ ಆಣೆ." ಹಾಗೆ ಹೇಳಿ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಬೇಳೆಯ ಹಿಂದೆ ಸಕ್ಕರೆ ಹೋಯಿತು. ಸಕ್ಕರೆಯ ಹಿಂದೆ ಕಾಫಿ. ಹಾಲಿನವಳು ಕ್ರಯ ಏರಿಸಿದ ವಾರವೇ ಹಾಲು, ಅದರ ಜೊತೆಗೆ ಮೊಸರು. ಒಂದು ವರ್ಷ ಕೊಬ್ಬರಿ ಎಣ್ಣೆ ಕೈಗೆ ಎಟುಕದಂತಾದಾಗ ಒಗ್ಗರಣೆ ಹಾಕಿದ್ದನ್ನೂ ಬಿಟ್ಟಳು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟು ಬರುತ್ತಾರೆ. ನಮ್ಮತ್ತೆ ಅಂಬಲಪಾಡಿಯಲ್ಲೇ ಕುಳಿತು ಎಲ್ಲವನ್ನೂ ಬಿಟ್ಟಳು. ಆದರೆ ದೇವರಿಗೆ ಅವಳು ಸುಳ್ಳು ಹೇಳಿದವಳಲ್ಲ, ಇದನ್ನು ಹೇಳಲೇಬೇಕು. ಅಂಗೈಯ ನೀರು ಬಿಟ್ಟ ಮೇಲೆ ಆ ಪದಾರ್ಥದ ಒಂದು ಹನಿಯೂ ಅವಳ ನಾಲಗೆಗೆ ತಾಗಲಿಲ್ಲ. ಉಪ್ಪು ಸರಿಯಿದೆಯೋ ನೋಡಲು ನನ್ನನ್ನು ಕರೆಯುತ್ತಿದ್ದಳು. ಕಾರಣ ಏನೇ ಇರಲಿ, ವ್ರತ ನಿಜವಾದ ವ್ರತವೇ ಆಗಿತ್ತು. ಅವಳ ಊಟವೆಂದರೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ರಸ, ಹುಳಿ ಬಿಂಬುಳಿಕಾಯಿ ಕಿವುಚಿದ ನೀರು, ಹಲಸಿನ ಕಾಲದಲ್ಲಿ ಬೇಯಿಸಿದ ಬೀಜ.

ಊರು ಕಣ್ಣುಮುಚ್ಚಿ ಕುಳಿತಿರುವುದಿಲ್ಲ. "ಮಾಸ್ತರ ಮನೆಯವರು ಎಷ್ಟು ಬಿಗಿ ವ್ರತದವರು" ಎಂದು ದೇವಸ್ಥಾನದಲ್ಲಿ ಮಾತಾಯಿತು. ಹೆಂಗಸರು ಅವಳನ್ನು ಸಾಲಿನಲ್ಲಿ ಮುಂದೆ ಬಿಡತೊಡಗಿದರು. ಮದುವೆ ನಿಶ್ಚಯವಾದ ಹುಡುಗಿಯರನ್ನು ಕರೆತಂದು ಅವಳ ಕಾಲಿಗೆ ನಮಸ್ಕಾರ ಮಾಡಿಸುತ್ತಿದ್ದರು. ಮಣಿಪಾಲದಲ್ಲಿ ದೊಡ್ಡ ಉದ್ಯೋಗದಲ್ಲಿದ್ದವರೊಬ್ಬರ ಹೆಂಡತಿ ಒಮ್ಮೆ ಕಾರಿನಲ್ಲಿ ಬಂದು ಅತ್ತೆಗೆ ಮೊರದ ಬಾಗಿನ ಕೊಟ್ಟರು. ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿ, ಎಲ್ಲವೂ ಮೊರದ ತುಂಬ. "ನಿಮ್ಮ ಹಾಗೆ ನಾಲಗೆ ಕಟ್ಟಲಿಕ್ಕೆ ನಮ್ಮಿಂದ ಆಗುವುದಿಲ್ಲಮ್ಮ" ಎಂದು ಆಕೆ ಅತ್ತೆಯ ಕೈಯನ್ನು ಕಣ್ಣಿಗೊತ್ತಿಕೊಂಡರು. ಅತ್ತೆ ಅರಿಶಿನ ಕುಂಕುಮ ಕೊಟ್ಟು, ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದಳು. ಆ ವಾರ ನಮಗೆಲ್ಲ ದಪ್ಪ ಹುಳಿ, ದಪ್ಪ ತೊವ್ವೆ, ಮಕ್ಕಳಿಗೆ ಕಡಲೆಬೇಳೆ ಬೆಲ್ಲದ ಹಯಗ್ರೀವ. ಅತ್ತೆ ಬಡಿಸುತ್ತ ನಿಂತಿದ್ದಳು. ಮಕ್ಕಳು ಎಲೆ ನೆಕ್ಕುವುದನ್ನು ನೋಡಿ ಅವಳ ಮುಖ ಅರಳಿತ್ತು. ನಾನೂ ಉಂಡೆ. ಉಣ್ಣದಿದ್ದರೆ ಅವಳೇ ಬೈಯುತ್ತಿದ್ದಳು.

ಓದು ಮುಗಿದು ನನಗೆ ಕಾರ್ಕಳದ ಹತ್ತಿರವೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಬೇಳೆ, ಸಕ್ಕರೆ, ಕಾಫಿಪುಡಿ ಕಟ್ಟಿಸಿಕೊಂಡು ಅಂಬಲಪಾಡಿಗೆ ಹೋದೆ. ಅತ್ತೆ ಬಾಗಿಲಲ್ಲಿ ಕಂಡಾಗ ಗಾಬರಿಯಾಯಿತು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಮೆಟ್ಟಿಲು ಹತ್ತುವಾಗ ನಡುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು.

"ಇನ್ನು ಸಾಕು ಅತ್ತೆ. ಇದು ನನ್ನ ದುಡಿಮೆಯದ್ದು. ಇವತ್ತೇ ತೊವ್ವೆ ಮಾಡುತ್ತೇನೆ, ನೀನು ಉಣ್ಣಬೇಕು."

"ಹುಚ್ಚಿ" ಎಂದಳು ಅತ್ತೆ. "ಹಿಡಿದದ್ದನ್ನು ಹಾಗೆ ಬಿಡಲಿಕ್ಕೆ ಉಂಟಾ? ಉದ್ಯಾಪನೆ ಆಗದೆ?"

ಆಗಲೇ ನನಗೆ ಅವಳು ಬಿದ್ದ ಹೊಂಡ ಎಂಥದ್ದೆಂದು ಕಂಡದ್ದು. ನಾಲ್ಕು ತಿಂಗಳ ವ್ರತವಾದರೆ ಒಂದು ಸಣ್ಣ ದಾನದಲ್ಲಿ ಮುಗಿಯುತ್ತದೆ. ವರ್ಷಗಟ್ಟಲೆ ಹಿಡಿದದ್ದನ್ನು ಮುಗಿಸಲು ಉದ್ಯಾಪನೆ ಆಗಬೇಕು. ಗಂಡ ಹೆಂಡತಿ ಮಣೆಯ ಮೇಲೆ ಕುಳಿತು, ಹೋಮ ಮಾಡಿಸಿ, ಬಿಟ್ಟ ಒಂದೊಂದು ಪದಾರ್ಥವನ್ನೂ ಮನಸ್ಸು ತುಂಬಿ ದಾನ ಕೊಟ್ಟು, ಜನರಿಗೆ ಊಟ ಹಾಕಬೇಕು. ಅಂದರೆ ತುಟ್ಟಿಯೆಂದು ಬಿಟ್ಟದ್ದನ್ನೆಲ್ಲ ಒಂದೇ ದಿನ ಗೋಣಿಗಟ್ಟಲೆ ಕೊಳ್ಳಬೇಕು. ಉಳಿಸಲೆಂದು ಒಳಗೆ ಹೋದಳು, ಹೊರಗೆ ಬರಲು ದುಡ್ಡಿಲ್ಲ.

ಅದೇ ಸಲ, ಮಾರನೆಯ ಬೆಳಿಗ್ಗೆ, ನೀರು ಸೇದುತ್ತಿದ್ದವಳು ಬಾವಿಕಟ್ಟೆಗೆ ಒರಗಿ ಕುಸಿದಳು. ಮಾವ ಕಾಪುವಿಗೆ ಹೋಗಿಯಾಗಿತ್ತು. ನಾನು ರಿಕ್ಷಾ ಮಾಡಿ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ಮೈಯಲ್ಲಿ ರಕ್ತವೇ ಇಲ್ಲವಲ್ಲ ಅಮ್ಮ. ಏನು ತಿನ್ನುತ್ತೀರಿ?" ಎಂದರು. ಅತ್ತೆ "ಎಲ್ಲ ತಿನ್ನುತ್ತೇನೆ" ಎಂದಳು. ಬೇಳೆ, ಹಾಲು, ಸೊಪ್ಪು, ಕಾಳು ಎಂದು ವೈದ್ಯರು ಹೇಳುತ್ತ ಹೋದ ಹಾಗೆ ಅವಳು ತಲೆಯಾಡಿಸುತ್ತ ಹೋದಳು. ವಾಪಸು ಬರುವಾಗ ರಿಕ್ಷಾದಲ್ಲಿ ಅವಳಿಗೆ ನಗು ಬಂತು. "ಸೊಪ್ಪು ಒಂದು ನಾನು ಬಿಟ್ಟಿಲ್ಲ ನೋಡು. ಬೇಲಿಯವರು ಕ್ರಯ ಕೇಳುವುದಿಲ್ಲ" ಎಂದಳು.

ನಾನು ಮನೆಗೆ ಹೋಗಲು ಬಿಡಲಿಲ್ಲ. ರಿಕ್ಷಾವನ್ನು ಸೀದಾ ನಮ್ಮ ಪುರೋಹಿತ ಭಟ್ಟರ ಮನೆಗೆ ತಿರುಗಿಸಿದೆ. ಭಟ್ಟರು ವಯಸ್ಸಾದವರು, ಮೃದು ಮಾತಿನವರು. ಎಲ್ಲ ಕೇಳಿ, ಎಲೆ ಅಡಿಕೆಯ ತಟ್ಟೆಯನ್ನು ಬದಿಗಿಟ್ಟು ಹೇಳಿದರು, "ಇದಕ್ಕೆಲ್ಲ ಶಾಸ್ತ್ರದಲ್ಲಿ ದಾರಿ ಉಂಟಮ್ಮ. ಅಶಕ್ತರಿಗೆ ಹೋಮವೂ ಬೇಡ, ಊಟವೂ ಬೇಡ. 'ನಾವು ಅಶಕ್ತರು, ಯಥಾಶಕ್ತಿ ಕೊಡುತ್ತೇವೆ, ಕೃಷ್ಣಾರ್ಪಣ' ಅಂತ ಗಂಡ ಹೆಂಡತಿ ಒಟ್ಟಿಗೆ ಹೇಳಿ, ಒಂದು ಹಿಡಿ ಬೇಳೆ, ಒಂದು ತೆಂಗಿನಕಾಯಿ ಇಟ್ಟರೆ ಮುಗಿಯಿತು. ನಾಡಿದ್ದೇ ಬನ್ನಿ. ಮಾಸ್ತರನ್ನು ಕರೆದುಕೊಂಡು ಬನ್ನಿ."

ನನಗೆ ಬಾವಿಯಿಂದ ಮೇಲೆ ಬಂದಷ್ಟು ಸಮಾಧಾನವಾಯಿತು. ಅತ್ತೆಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಅಶಕ್ತರು ಅಂತ ಇವರು ಹೇಳಬೇಕಾ ಭಟ್ರೇ?"

"ಹೇಳಬೇಕಲ್ಲ. ಸಂಕಲ್ಪ ಯಜಮಾನರದ್ದೇ."

"ನಾನು ಒಬ್ಬಳೇ ಹೇಳಿದರೆ?"

"ಗಂಡ ಇರುವಾಗ ಹೇಗಾಗುತ್ತದೆ ತಂಗಿ?"

ಅತ್ತೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಭಟ್ಟರಿಗೆ ನಮಸ್ಕಾರ ಮಾಡಿದಳು. "ದೊಡ್ಡ ಮಗನಿಗೆ ಕೆಲಸ ಆದ ಮೇಲೆ ಚೆನ್ನಾಗಿಯೇ ಮಾಡುತ್ತೇವೆ. ಊರಿಗೆಲ್ಲ ಹೇಳಿ ಮಾಡುತ್ತೇವೆ. ನೀವೇ ಬರಬೇಕು" ಎಂದಳು. ಇವತ್ತಿಗೂ ಆ ದನಿ ನನ್ನ ಕಿವಿಯಲ್ಲುಂಟು. ಮದುವೆಗೆ ಕರೆಯುವ ದನಿ ಅದು.

ದಾರಿಯಲ್ಲಿ ನಾನು ಬೈದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದೆ. ಮಾವನೇನು ಸಣ್ಣ ಮಗುವೇ, ಒಂದು ಮಾತು ಹೇಳಿದರೆ ಕರಗಿಹೋಗುತ್ತಾರೆಯೇ ಎಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. "ದೇವರ ಮುಂದೆ ಇಲ್ಲ ಅನ್ನಲಿಕ್ಕೆ ನನಗೆ ನಾಚಿಕೆ ಇಲ್ಲ ಮಗಾ. ಆ ಮಾತನ್ನು ಇವರ ಬಾಯಿಂದ ಹೇಳಿಸಬೇಕಲ್ಲ. ಅದು ಬೇಡ" ಎಂದಳು. ನಾನು ತಂದ ಸಾಮಾನು ಮಕ್ಕಳಿಗಾಯಿತು. ಅದನ್ನೇ ದಾನ ಕೊಡು ಎಂದರೆ, "ಅದು ನಿನ್ನ ದಾನ ಆಗುತ್ತದೆ, ನನ್ನದು ಹೇಗಾಗುತ್ತದೆ?" ಎಂದಳು. ಔಷಧದ ಗುಳಿಗೆಗಳನ್ನು ಮಾತ್ರ ನುಂಗುತ್ತೇನೆಂದು ಒಪ್ಪಿದಳು. ಅವನ್ನು ಎಷ್ಟು ದಿನ ನುಂಗಿದಳೋ, ಅವುಗಳ ಕ್ರಯ ಎಷ್ಟಿತ್ತೋ, ನಾನು ಕೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬೆಲೆ ಒಂದೆರಡು ಸಲ ಇಳಿದದ್ದೂ ಉಂಟು. ತೆಂಕಪೇಟೆಯ ಅಂಗಡಿಯವರು ಅತ್ತೆಯನ್ನು ಕಂಡು, "ಹೊಸ ಬೇಳೆ ಬಂದಿದೆ ಅಮ್ಮ, ಚೆನ್ನಾಗಿ ಬೇಯುತ್ತದೆ" ಎಂದರಂತೆ. ಅದನ್ನು ಅವಳೇ ನನಗೆ ಹೇಳಿದಳು. "ಪಾಪ, ಅವರು ನೆನಪಿಟ್ಟುಕೊಂಡಿದ್ದಾರೆ" ಎಂದಳು. ಇಳಿದ ಬೆಲೆ ಅವಳಿಗೆ ಉಪಯೋಗಕ್ಕೆ ಬರಲಿಲ್ಲ. ದೇವರು ಬಿಟ್ಟುಕೊಟ್ಟರೂ ಊರು ಬಿಡಬೇಕಲ್ಲ. ಅತ್ತೆಯ ಎಲೆಯಲ್ಲಿ ತೊವ್ವೆ ಕಂಡರೆ ಹತ್ತು ಜನ ಹೌಹಾರುವ ಹಾಗೆ ಆಗಿತ್ತು. ದೊಡ್ಡ ಮಗನ ಕೆಲಸವೂ ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎಂದು ಮುಂದೆ ಹೋಗುತ್ತಲೇ ಇತ್ತು.

ಎಂಬತ್ತರ ದಶಕದ ಮೊದಲ ಭಾಗದ ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಊರಿನಲ್ಲಿ ಎಲ್ಲರಿಗೂ ಬಂದು ಹೋಗುತ್ತಿದ್ದ ಜ್ವರ. ಮಕ್ಕಳಿಗೆ ಬಂತು, ಮಾವನಿಗೆ ಬಂತು, ಗಂಜಿ ಕುಡಿದು ಎದ್ದರು. ಅತ್ತೆಯ ಮೈಯಲ್ಲಿ ಜ್ವರದ ಜೊತೆ ಜಗಳವಾಡಲು ಏನೂ ಉಳಿದಿರಲಿಲ್ಲ. ಸುದ್ದಿ ತಿಳಿದು ನಾನು ಓಡಿ ಬಂದಾಗ ಚಾವಡಿಯಲ್ಲಿ ಮಲಗಿಸಿದ್ದರು. ಸ್ವಲ್ಪ ಹಾಲು ಬಾಯಿಗೆ ಬಿಡಿ ಎಂದು ನೆರೆಯವರೊಬ್ಬರು ಹೇಳಿದರು. ಮಾವ ಚಮಚ ಹಿಡಿದು ಬಗ್ಗಿದರು. ಅತ್ತೆ ಕಣ್ಣು ತೆರೆದು, ಹಾಲು ನೋಡಿ, ತುಟಿ ಮುಚ್ಚಿಕೊಂಡಳು. "ವ್ರತ ತಪ್ಪಿಸಲಿಲ್ಲ ನೋಡಿ" ಎಂದು ಆ ನೆರೆಯವರು ಕೈಮುಗಿದರು. ನನಗೆ ಅವರ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಮಧ್ಯಾಹ್ನದ ಪೂಜೆಯ ಗಂಟೆ ಕೇಳುವ ಹೊತ್ತಿಗೆ ಅತ್ತೆ ಹೋಗಿಬಿಟ್ಟಳು.

ಮುಂದಿನ ಕರ್ಮಗಳನ್ನು ಮಾತಾಡಲು ಅದೇ ಭಟ್ಟರು ಬಂದರು. ಚಾವಡಿ ತುಂಬ ನೆಂಟರು, ನೆರೆಯವರು. ಕಾಪುವಿನ ಶಾಲೆಯ ಉಳಿದ ಮಾಸ್ತರರೂ ಇದ್ದರು. ಮಣಿಪಾಲದ ಆ ಹೆಂಗಸು ಒಳಗೆ ಹೆಂಗಸರ ನಡುವೆ ಕುಳಿತಿದ್ದರು. ಭಟ್ಟರು ಹದಿಮೂರನೆಯ ದಿನದ ಊಟದ ಮಾತು ತೆಗೆದರು. "ಅವರಿಗೆ ಇಷ್ಟವಾದದ್ದೊಂದನ್ನು ಮಾಡಿಸಬೇಕು. ಎಂತ ಇಷ್ಟ ಇತ್ತು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅಮ್ಮ ಬಿಟ್ಟದ್ದು ಯಾವುದೆಂದು ಅವರಿಗೆ ಬಾಯಿಪಾಠ ಬರುತ್ತಿತ್ತು. ಇಷ್ಟವಾದದ್ದು ಯಾವುದೆಂದು ಗೊತ್ತಿರಲಿಲ್ಲ.

"ತೊವ್ವೆ" ಎಂದೆ ನಾನು, ಅಡಿಗೆಮನೆಯ ಬಾಗಿಲಿನಿಂದ. "ಇಂಗಿನ ಒಗ್ಗರಣೆ ಹಾಕಿದ್ದು."

"ಅದನ್ನು ಬಿಟ್ಟಿದ್ದಳಲ್ಲ?" ಎಂದರು ಮಾವ.

"ಇಷ್ಟ ಇಲ್ಲದ್ದನ್ನು ಯಾರಾದರೂ ಬಿಡುತ್ತಾರಾ ಮಾವ?"

ಮಾವ ನನ್ನನ್ನೇ ನೋಡಿದರು. ಆಣೆಯನ್ನು ನಾನು ಆಗಲೂ ಮುರಿಯಲಿಲ್ಲ, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಭಟ್ಟರು ದಾನಗಳ ವಿಷಯಕ್ಕೆ ಬಂದರು. ದೊಡ್ಡ ವ್ರತದವರು, ಅದಕ್ಕೆ ತಕ್ಕ ಹಾಗೆ ಆಗಬೇಕು, ಊಟಕ್ಕೂ ಹೆಚ್ಚು ಜನ ಬರಬಹುದು ಎಂದು ನೆಂಟರೊಬ್ಬರು ಹೇಳಿದರು.

ಮಾವ ತಲೆ ಎತ್ತಿ, ಅಷ್ಟು ಜನರ ಎದುರಿಗೆ, ಸ್ಪಷ್ಟವಾಗಿ ಹೇಳಿದರು, "ಭಟ್ರೇ, ನಮ್ಮಲ್ಲಿ ಇಲ್ಲ. ಅಷ್ಟೆಲ್ಲ ಮಾಡುವ ಶಕ್ತಿ ನನಗಿಲ್ಲ. ಎಷ್ಟು ಕಡಿಮೆಯಲ್ಲಿ ಆಗುತ್ತದೋ ಅಷ್ಟರಲ್ಲಿ ಮಾಡಿಸಿ."

"ಅದಕ್ಕೆಂತ, ಯಥಾಶಕ್ತಿ ಸಾಕು" ಎಂದರು ಭಟ್ಟರು.

ಯಾರೂ ಪಿಸುಗುಟ್ಟಲಿಲ್ಲ. ಒಬ್ಬರು ಎಲೆ ಅಡಿಕೆ ಮುಂದಕ್ಕೆ ದಾಟಿಸಿದರು, ಇನ್ನೊಬ್ಬರು ಬಾಳೆಎಲೆ ನಮ್ಮ ತೋಟದಿಂದ ಕಳಿಸುತ್ತೇನೆ ಎಂದರು. ಮಾವ ಅಳಲೂ ಇಲ್ಲ.

ಅತ್ತೆ ಹಸಿದ ಹೊಟ್ಟೆಯಲ್ಲಿ ವರ್ಷಗಟ್ಟಲೆ ತಡೆದು ನಿಲ್ಲಿಸಿದ್ದ ಮಾತು ಅದು. ಅವಳ ಕೈಯ ಅನ್ನ ಉಂಡು ಓದಿ ಮುಂದೆ ಬಂದವಳು ನಾನು. ಆ ಋಣ ತೀರಿಸುತ್ತೇನೆ ಎನ್ನಲು ನನಗೆ ಬಾಯಿಲ್ಲ. ಆ ದಿನ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದೆ, ಅಷ್ಟೇ. 'ಇಲ್ಲ' ಎಂಬ ಆ ಮಾತು ಹೇಳಲು ಮಾವನಿಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು.